ಕಟ್ಟಡ ಯಾಕೆ ಬಿತ್ತು ಅಂತ ತಿಳಿಯಬೇಕಾದರೆ ಮೊದಲು ಲಾರಿ ನಿಲ್ಲಿಸಿ

"ಅವಶೇಷ ತೆಗೆಸಿದ ಮೇಲೆ ಇಂಜಿನಿಯರ್ ಕರೆಸೋಣ ಅಂತಿದ್ದೇವೆ" ಎಂದು ಬರೆದಿದ್ದೀರಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಯಾರೂ ಸಿಕ್ಕಿಕೊಂಡಿಲ್ಲ ಅಂತ ಖಾತ್ರಿಯಾಗಿದ್ದರೆ ಇವತ್ತೇ ಆ ಕೆಲಸ ನಿಲ್ಲಿಸಿ. ನಿಮ್ಮ ಅಪಾರ್ಟ್‌ಮೆಂಟಿನ ಹಿಂಭಾಗ ಕುಸಿದಿದೆ, ಪಕ್ಕದ ಸೈಟಿನಲ್ಲಿ ಸೆಲ್ಲಾರ್‌ಗೆ ಅಗೆಯುತ್ತಿದ್ದರು, ತಪ್ಪು ಅವರದ್ದಾ ಇಲ್ಲ ನಮ್ಮ ಬಿಲ್ಡರ್‌ದಾ ಅಂತ ಕೇಳಿದ್ದೀರಿ. ಬೀದಿಯ ಹೆಸರು ಬದಲಾಯಿಸಿದರೆ ಇದು ನಮ್ಮದೇ ಕಥೆ.

ನಮ್ಮದು ಬೆಂಗಳೂರಿನ ಪೂರ್ವ ಭಾಗದ ಒಂದು ಚಿಕ್ಕ ಅಪಾರ್ಟ್‌ಮೆಂಟ್. ನೆಲಮಹಡಿ, ಮೇಲೆ ಮೂರು. ಆಮೇಲೆ ಬಿಲ್ಡರ್ ನಕ್ಷೆಯಲ್ಲಿ ಇಲ್ಲದ ಇನ್ನೊಂದು ಮಹಡಿ ಏರಿಸಿ ಬಾಡಿಗೆಗೆ ಕೊಟ್ಟಿದ್ದರು. ಅದರ ಮೇಲೆ ನೀರಿನ ಟ್ಯಾಂಕುಗಳು. ಮಳೆಗಾಲದಲ್ಲಿ ಪಕ್ಕದ ಖಾಲಿ ಸೈಟಿನಲ್ಲಿ ಸೆಲ್ಲಾರ್ ಕೆಲಸ ಶುರುವಾಯಿತು. ಕಾಂಪೌಂಡ್ ಗೋಡೆಯ ಬುಡದವರೆಗೂ ನೇರವಾಗಿ ಅಗೆದರು. ಮಣ್ಣು ಜಾರದಂತೆ ತಡೆಯಲು ಏನನ್ನೂ ಹಾಕಲಿಲ್ಲ.

ಮೊದಲು ನೆಲಮಹಡಿಯ ಆಂಟಿ ಮನೆಯ ಬಾತ್‌ರೂಮ್ ಬಾಗಿಲು ಮುಚ್ಚುವುದು ನಿಂತಿತು. ಮಳೆಗೆ ಮರ ಉಬ್ಬಿದೆ ಅಂದುಕೊಂಡೆವು. ಆಮೇಲೆ ಹಾಲ್‌ನ ನೆಲದ ಟೈಲ್ಸ್ ಎದ್ದವು. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಇಳಿಯಿತು. ಅದನ್ನು ನೋಡಿ ಆಂಟಿ ಎಲ್ಲರ ಮನೆ ಬಾಗಿಲು ತಟ್ಟಿ ಹೊರಗೆ ಹೊರಡಿಸಿದರು. ಅವರ ಹಟದಿಂದಲೇ ನಾವೆಲ್ಲ ಬದುಕಿದ್ದೇವೆ. ಅದೇ ರಾತ್ರಿ ಸೆಲ್ಲಾರ್ ಕಡೆಯ ಅರ್ಧ ಕುಸಿಯಿತು.

ಬೆಳಗಾಗುವಷ್ಟರಲ್ಲಿ ಜೆಸಿಬಿ ಬಂದಿತ್ತು. ರಸ್ತೆ ಬಂದ್ ಆಗಿದೆ, ಉಳಿದ ಭಾಗವೂ ಬೀಳಬಹುದು, ಬೇಗ ತೆಗೆಸಿ ಅಂತ ಬೀದಿಯವರೆಲ್ಲ ಒತ್ತಾಯ ಮಾಡುತ್ತಿದ್ದರು. ನಾನು ಸಂಘದ ಕಾರ್ಯದರ್ಶಿ. ಅವಶೇಷ ತೆರವು ಮಾಡಲು ನಮ್ಮ ಅಭ್ಯಂತರ ಇಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದೆ. ಕೆಡವುವ ಕಾಂಟ್ರಾಕ್ಟರ್ ನಮ್ಮಿಂದ ದುಡ್ಡು ಕೇಳಲಿಲ್ಲ. ಕಬ್ಬಿಣ ತನಗೆ ಬಿಟ್ಟರೆ ಸಾಕು ಅಂದ. ಆ ಹೊತ್ತಿನಲ್ಲಿ ಅದು ದೊಡ್ಡ ಉಪಕಾರ ಅನ್ನಿಸಿತು.

ಆ ಸಹಿ ಯಾಕೆ ಅಷ್ಟು ದೊಡ್ಡ ತಪ್ಪು ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ಕಟ್ಟಡ ಹೇಗೆ ಬಿತ್ತು ಅಂತ ಹೇಳುವುದು ಕಾಂಕ್ರೀಟಿನೊಳಗಿನ ಕಬ್ಬಿಣದ ಕಂಬಿ. ತುಂಡಾದ ಜಾಗದಲ್ಲಿ ಕಂಬಿ ಎಳೆದು ಸಣ್ಣಗಾಗಿದ್ದರೆ, ಅದು ತನ್ನ ಪೂರ್ತಿ ಶಕ್ತಿ ಕೊಟ್ಟ ಮೇಲೆ ಮುರಿದಿದೆ ಎಂದರ್ಥ. ತುಂಡೇ ಆಗದೆ ಕಾಂಕ್ರೀಟಿನಿಂದ ನುಣ್ಣಗೆ ಕಳಚಿಕೊಂಡು ಬಂದಿದ್ದರೆ ಕಥೆ ಬೇರೆ. ಕೆಳಗಿನ ಕಂಬಿಗೆ ಮೇಲಿನ ಕಂಬಿ ಸೇರಿಸುವಲ್ಲಿ ಬೇಕಾದಷ್ಟು ಉದ್ದ ಜೊತೆಗೆ ಬಿಟ್ಟಿಲ್ಲ, ಇಲ್ಲವೇ ಕಾಂಕ್ರೀಟ್ ಅದನ್ನು ಹಿಡಿದುಕೊಂಡಿಲ್ಲ. ಪಿಲ್ಲರ್‌ನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್‌ಗಳ ನಡುವೆ ಎಷ್ಟು ಅಂತರ ಇತ್ತು, ರಿಂಗ್‌ನ ಕೊಕ್ಕೆಯನ್ನು ಒಳಕ್ಕೆ ಬಗ್ಗಿಸಿದ್ದರಾ, ಇದೆಲ್ಲ ಬಿದ್ದ ಪಿಲ್ಲರ್‌ನಲ್ಲಿ ಕಣ್ಣಿಗೆ ಕಾಣುತ್ತದೆ. ತುಕ್ಕಿನಲ್ಲೂ ವ್ಯತ್ಯಾಸ ಇದೆ. ಬಿದ್ದ ಮೇಲೆ ಮಳೆಗೆ ಹಿಡಿದ ತುಕ್ಕು ಹೊಸದು, ತೆಳು, ಕಿತ್ತಳೆ ಬಣ್ಣ. ಕಾಂಕ್ರೀಟಿನ ಒಳಗೇ ವರ್ಷಗಟ್ಟಲೆ ತಿಂದ ತುಕ್ಕು ದಪ್ಪ, ಗಾಢ ಬಣ್ಣ, ಪದರ ಪದರವಾಗಿ ಏಳುತ್ತದೆ. ಮಳೆಯಲ್ಲಿ ಬಿಟ್ಟರೆ ಎರಡೂ ಬೆರೆತುಹೋಗುತ್ತವೆ. ನಮ್ಮ ಕಂಬಿಗಳು ಬೆರೆಯುವವರೆಗೂ ಇರಲಿಲ್ಲ. ನೇರವಾಗಿ ಗುಜರಿಗೆ ಹೋದವು. ಕಾಂಕ್ರೀಟ್ ಎಲ್ಲಿ ಸುರಿದರೋ ಯಾರೂ ಹೇಳಲಿಲ್ಲ.

ಇನ್ನೊಂದು ವಿಷಯ ನನಗೆ ಆಮೇಲೆ ಹೊಳೆಯಿತು. ಹೆಚ್ಚು ಭಾರ ಹೊರುವುದು ನೆಲಮಹಡಿಯ ಪಿಲ್ಲರ್. ಅದು ರಾಶಿಯ ತಳದಲ್ಲಿರುತ್ತದೆ. ಜೆಸಿಬಿ ಮೇಲಿನಿಂದ ಬಗೆಯುತ್ತ ಬರುತ್ತದೆ, ತುಂಡುಗಳನ್ನು ಮಗುಚುತ್ತದೆ, ಎಳೆಯುತ್ತದೆ. ಯಾವುದು ಯಾವ ದಿಕ್ಕಿಗೆ ಬಿದ್ದಿತ್ತು, ಯಾವುದರ ಮೇಲೆ ಯಾವುದು ಕೂತಿತ್ತು ಅನ್ನುವುದು ಮೊದಲ ಗಂಟೆಯಲ್ಲೇ ಅಳಿಸಿಹೋಗುತ್ತದೆ. ಯಾವುದು ಮೊದಲು ಸೋತಿತು ಅಂತ ಹೇಳುವುದು ಆ ಬಿದ್ದ ಕ್ರಮವೇ.

ನಾನು ಏನೂ ಇಟ್ಟುಕೊಳ್ಳಲಿಲ್ಲ ಅಂತಲ್ಲ. ಒಂದು ಗೋಣಿಚೀಲದ ತುಂಬ ತುಂಡುಗಳನ್ನು ಆರಿಸಿಟ್ಟಿದ್ದೆ. ನಂತರ ಒಬ್ಬ ನಿವೃತ್ತ ಸಿವಿಲ್ ಪ್ರೊಫೆಸರ್ ಬಂದರು. ಚೀಲ ತೆರೆದು ನೋಡಿ, "ಇದು ಯಾವ ಪಿಲ್ಲರ್‌ದು? ಎಷ್ಟನೇ ಮಹಡಿ? ತೆಗೆಯುವಾಗ ಮಹಜರು ಆಗಿದೆಯಾ?" ಅಂತ ಕೇಳಿದರು. ಒಂದಕ್ಕೂ ಉತ್ತರ ಇರಲಿಲ್ಲ. ಎದುರು ಪಾರ್ಟಿಯ ವಕೀಲರೂ ಮುಂದೆ ಅದನ್ನೇ ಕೇಳಿದರು. ಎಲ್ಲಿಯದು ಅಂತ ಗೊತ್ತಿಲ್ಲದ ತುಂಡು ಯಾವುದನ್ನೂ ಸಾಬೀತು ಮಾಡುವುದಿಲ್ಲ.

ಉಳಿದದ್ದು ನಿಂತಿದ್ದ ಅರ್ಧ ಮತ್ತು ಮಣ್ಣಿನೊಳಗಿನ ಪಾಯ. ಪಾಯ ಅಗೆದು ನೋಡಿದಾಗ ಫುಟಿಂಗ್‌ಗಳು, ಅಂದರೆ ಪಿಲ್ಲರ್‌ಗಳ ಬುಡದ ಅಗಲವಾದ ಕಾಂಕ್ರೀಟ್ ತಳಗಳು, ಗಟ್ಟಿ ನೆಲ ಮುಟ್ಟದೆ, ಮಣ್ಣು ತುಂಬಿಸಿದ ಜಾಗದ ಮೇಲೆಯೇ ಕೂತಿದ್ದವು. ನಿಂತ ಭಾಗದಲ್ಲಿ ಕೋರ್ (ಕಾಂಕ್ರೀಟಿನಿಂದ ಕೊರೆದು ತೆಗೆದ ಉರುಳೆಯಾಕಾರದ ತುಂಡು) ಕತ್ತರಿಸಿ ಪರೀಕ್ಷೆ ಮಾಡಿಸಿದೆವು. ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದ ಮಾನದಂಡವಾದ ಐಎಸ್ 456 ಪ್ರಕಾರ ಕಡಿಮೆ ಅಂದರೆ ಮೂರು ಕೋರ್ ಬೇಕು. ಅವುಗಳ ಸರಾಸರಿ ಬೇಕಾದ ಬಲದ 85 ಶೇಕಡಾ ಮುಟ್ಟಬೇಕು, ಯಾವುದೂ 75ಕ್ಕಿಂತ ಕೆಳಗೆ ಇರಬಾರದು. ನಮ್ಮದು ಮುಟ್ಟಲಿಲ್ಲ. ಆದರೆ ಬಿಲ್ಡರ್ ಕಡೆಯವರು ಒಂದೇ ಮಾತು ಹಿಡಿದರು: ಇದು ಬೀಳದೆ ನಿಂತ ಭಾಗ, ಬಿದ್ದ ಭಾಗದ ಬಗ್ಗೆ ಇದರಿಂದ ಏನು ಗೊತ್ತಾಗುತ್ತದೆ? ಪಕ್ಕದ ಸೈಟಿನವರು, ನಿಮ್ಮ ಕಾಂಕ್ರೀಟೇ ಕಳಪೆ, ನಮ್ಮ ಗುಂಡಿ ಏನು ಮಾಡುತ್ತದೆ ಅಂದರು. ಬಿಲ್ಡರ್, ಗುಂಡಿ ತೋಡುವವರೆಗೆ ಕಟ್ಟಡ ನಿಂತೇ ಇತ್ತಲ್ಲ ಅಂದರು. ಕೊನೆಗೆ ರಾಜಿಯಾಗಿ ಸಿಕ್ಕ ಹಣದಲ್ಲಿ ಸಾಲ ಕೂಡ ತೀರಲಿಲ್ಲ. ಇಲ್ಲದ ಮನೆಗೆ ಇವತ್ತಿಗೂ ಇಎಂಐ ಕಟ್ಟುತ್ತಿದ್ದೇನೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. "ಅಗೆತವಾ, ಕಳಪೆ ಕೆಲಸವಾ" ಅಂತ ಒಂದನ್ನು ಆರಿಸಲು ಹೋದರೆ ಇಬ್ಬರೂ ಜಾರಿಕೊಳ್ಳುತ್ತಾರೆ. ವರ್ಷಗಳಿಂದ ಒಳಗೇ ಇದ್ದ ದೌರ್ಬಲ್ಯ ಒಂದು, ಆ ದಿನ ಬಂದ ತಳ್ಳು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಹುಡುಕಬೇಕು.

ಲಂಡನ್ನಿನ ರೋನನ್ ಪಾಯಿಂಟ್ ಅಪಾರ್ಟ್‌ಮೆಂಟ್ ನೋಡಿ. 1968ರ ಮೇ 16ರ ಬೆಳಿಗ್ಗೆ 18ನೇ ಮಹಡಿಯಲ್ಲಿ ಒಬ್ಬ ಹೆಂಗಸು ಒಲೆ ಹಚ್ಚಿದರು. ಸೋರಿದ್ದ ಗ್ಯಾಸ್ ಸಿಡಿಯಿತು. ಅದೇ ಮನೆಯಲ್ಲಿದ್ದ ಆಕೆ ಬದುಕಿದರು. ಆದರೆ 22 ಮಹಡಿಯ ಆ ಕಟ್ಟಡದ ಒಂದು ಮೂಲೆ ಪೂರ್ತಿ ಕುಸಿದು 4 ಜನ ಸತ್ತರು. ಪಕ್ಕದಲ್ಲೇ ಇದ್ದ ಆಕೆಯನ್ನೂ ಕೊಲ್ಲದ ಸ್ಫೋಟ ಕಟ್ಟಡದ ಮೂಲೆಯನ್ನೇ ಬೀಳಿಸಿತು ಅಂದರೆ, ಕಾರಣ ಗ್ಯಾಸ್ ಅಂತ ಅಲ್ಲಿಗೇ ಮುಗಿಸಲು ಆಗುತ್ತದಾ? ಗೋಡೆಯ ಪ್ಯಾನೆಲ್‌ಗಳನ್ನು ಒಂದಕ್ಕೊಂದು ಹಿಡಿಸಿದ್ದ ಜೋಡಣೆ ದುರ್ಬಲವಾಗಿತ್ತು. 1986ರಲ್ಲಿ ಉಳಿದ ಕಟ್ಟಡವನ್ನು ಸಿಡಿಮದ್ದು ಇಟ್ಟು ಉರುಳಿಸಲಿಲ್ಲ, ಒಂದೊಂದೇ ಮಹಡಿ ಬಿಚ್ಚುತ್ತ ಬಂದರು. ಗಾರೆ ತುಂಬಿರಬೇಕಾದ ಸಂದುಗಳಲ್ಲಿ ಸುದ್ದಿಪತ್ರಿಕೆಯ ಹಾಳೆ ತುರುಕಿದ್ದು ಆಗ ಕಣ್ಣಿಗೆ ಬಿತ್ತು. ಅವಸರದಲ್ಲಿ ಕೆಡವಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

2021ರ ಜೂನ್ 24ರಂದು ಅಮೆರಿಕದ ಸರ್ಫ್‌ಸೈಡ್‌ನಲ್ಲಿ ಚಾಂಪ್ಲೇನ್ ಟವರ್ಸ್ ಸೌತ್ ಎಂಬ ಅಪಾರ್ಟ್‌ಮೆಂಟ್ ಬಿದ್ದು 98 ಜನ ಸತ್ತರು. ಅಲ್ಲಿ ಮುಖ್ಯ ಅನ್ನಿಸಿದ ತುಂಡುಗಳನ್ನು ಗುರುತು ಹಾಕಿ ಗೋದಾಮಿನಲ್ಲಿ ಇಟ್ಟರು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರ ಮೊಬೈಲ್ ವಿಡಿಯೊ ಕೂಡ ಸಾಕ್ಷಿಯಾಯಿತು. ಈಜುಕೊಳದ ಪಕ್ಕದ ಅಂಗಳ ಮೊದಲು ಕುಸಿದಿತ್ತು, ಟವರ್ ಬಿದ್ದದ್ದು ಕೆಲವು ನಿಮಿಷಗಳ ನಂತರ.

ನಮ್ಮಲ್ಲಿ ಸಂಜೆಯೊಳಗೆ ಟಿವಿಯಲ್ಲಿ "ಕಳಪೆ ಕಾಮಗಾರಿ" ಅಂತ ತೀರ್ಪು ಬಂದುಬಿಡುತ್ತದೆ. ಆ ಮಾತಿಗೆ ಸಾಕ್ಷಿ ಬೇಕು. ಕಳಪೆ ಅಂದರೆ ಏನು? ಸಿಮೆಂಟ್ ಕಡಿಮೆಯಾ, ಮೇಸ್ತ್ರಿ ಕೆಲಸ ಸುಲಭವಾಗಲಿ ಅಂತ ನೀರು ಜಾಸ್ತಿ ಹಾಕಿದರಾ, ಕ್ಯೂರಿಂಗ್ (ಹೊಸ ಕಾಂಕ್ರೀಟಿಗೆ ನೀರುಣಿಸುವುದು) ಮಾಡಲಿಲ್ಲವಾ, ನೀರಲ್ಲೇ ಉಪ್ಪಿತ್ತಾ? ಗುರುಗ್ರಾಮದ ಚಿಂಟೆಲ್ಸ್ ಪ್ಯಾರಡೈಸೊ ಅಪಾರ್ಟ್‌ಮೆಂಟಿನಲ್ಲಿ 2022ರ ಫೆಬ್ರವರಿಯಲ್ಲಿ ಮೇಲಿನ ಮನೆಯೊಂದರಲ್ಲಿ ರಿಪೇರಿ ನಡೆಯುತ್ತಿದ್ದಾಗ ಒಂದರ ಮೇಲೊಂದು ಸ್ಲ್ಯಾಬ್ ಬಿದ್ದು ಇಬ್ಬರು ಸತ್ತರು. ರಿಪೇರಿಯೇ ಕಾರಣ ಅಂತ ಬಿಟ್ಟುಬಿಡಬಹುದಿತ್ತು. ದೆಹಲಿ ಐಐಟಿಯವರು ಪರೀಕ್ಷಿಸಿದಾಗ ಕಾಂಕ್ರೀಟಿನೊಳಗೆ ಕ್ಲೋರೈಡ್ (ಉಪ್ಪಿನಲ್ಲಿರುವ ಅಂಶ) ಸಿಕ್ಕಿತು, ಅದು ಕಂಬಿಯನ್ನು ಒಳಗಿಂದಲೇ ತಿನ್ನುತ್ತಿತ್ತು. ಅದು ಗೊತ್ತಾದದ್ದಕ್ಕೇ ಆ ಟವರ್ ವಾಸಕ್ಕೆ ಯೋಗ್ಯವಲ್ಲ ಅಂತ ತೀರ್ಮಾನವಾಯಿತು.

ಈಗ ನೀವು ಮಾಡಬೇಕಾದದ್ದು. ತೆರವು ನಿಲ್ಲಿಸುವಂತೆ ಪೊಲೀಸರಿಗೂ ಪಾಲಿಕೆಗೂ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ಟ್ರಕ್ಚರಲ್ ಇಂಜಿನಿಯರ್ ಇವತ್ತೇ ಬರಲಿ. ಯಾವ ತುಂಡು ಬೇಕು ಅಂತ ಅವರು ಹೇಳಲಿ. ಪ್ರತಿ ತುಂಡನ್ನೂ ಇದ್ದ ಜಾಗದಲ್ಲೇ ಫೋಟೋ ತೆಗೆದು, ಪೇಂಟಿನಲ್ಲಿ ನಂಬರ್ ಬರೆದು, ಮಹಜರಿನಲ್ಲಿ ಸೇರಿಸಿ ಆಮೇಲೆ ಎತ್ತಲಿ. ಟಾರ್ಪಾಲ್ ಹೊದಿಸಿಡಿ. ರಸ್ತೆ ಬಿಡಿಸಲೇಬೇಕು ಅಂದರೆ ರಾಶಿಯನ್ನು ಪಕ್ಕಕ್ಕೆ ಸರಿಸಲಿ, ಲಾರಿಗೆ ತುಂಬುವುದು ಬೇಡ. ಕಬ್ಬಿಣ ಒಂದು ತುಂಡೂ ಮಾರಬೇಡಿ.

ಪಕ್ಕದ ಗುಂಡಿಯ ಬಗ್ಗೆ ಇನ್ನೂ ಅವಸರ ಮಾಡಿ. ಸುರಕ್ಷತೆಗಾಗಿ ಅದನ್ನು ಮುಚ್ಚುವುದು ಸರಿಯೇ. ಆದರೆ ಮುಚ್ಚುವ ಮೊದಲು ಆಳ ಎಷ್ಟು, ನಿಮ್ಮ ಪಿಲ್ಲರ್‌ನಿಂದ ಎಷ್ಟು ದೂರ, ನಿಮ್ಮ ಫುಟಿಂಗ್‌ಗಿಂತ ಕೆಳಗೆ ಹೋಗಿತ್ತಾ, ನೀರು ನಿಂತಿತ್ತಾ, ಇಷ್ಟನ್ನು ಟೇಪ್ ಹಿಡಿದು ಅಳೆದು ದಾಖಲೆ ಮಾಡಿಸಿ. ಗುಂಡಿಯೊಳಗೆ ನೀವು ಇಳಿಯಬೇಡಿ, ಇಂಜಿನಿಯರ್ ತಂಡ ನೋಡಿಕೊಳ್ಳಲಿ. ನಮ್ಮ ಪಕ್ಕದವರದ್ದು ರಾತ್ರೋರಾತ್ರಿ ಮುಚ್ಚಿಹೋಗಿತ್ತು. ಎದುರು ಅಂಗಡಿಯ ಸಿಸಿಟಿವಿ ದೃಶ್ಯ ಇವತ್ತೇ ಕಾಪಿ ಮಾಡಿಸಿ, ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತ ಹೋಗುತ್ತದೆ. ಎಲ್ಲರ ಮೊಬೈಲಿನಲ್ಲಿರುವ ಗೃಹಪ್ರವೇಶ, ಹುಟ್ಟುಹಬ್ಬದ ಫೋಟೋ ಹುಡುಕಿ, ಹಿಂದಿನ ಗೋಡೆಯಲ್ಲಿ ಬಿರುಕು ಯಾವಾಗಿನಿಂದ ಇತ್ತು ಅಂತ ಅದರಲ್ಲೇ ಸಿಗಬಹುದು. ನಿಮ್ಮಲ್ಲೂ ಹೆಚ್ಚುವರಿ ಮಹಡಿ ಏರಿಸಿದ್ದರೆ ಅದು ಯಾವ ವರ್ಷ ಬಂತು ಅಂತ ಗೂಗಲ್ ಅರ್ತ್‌ನ ಹಳೆಯ ಚಿತ್ರಗಳಲ್ಲಿ ಕಾಣಬಹುದು.

ಬರೀ ಹ್ಯಾಮರ್ ಟೆಸ್ಟ್ (ಕಾಂಕ್ರೀಟಿಗೆ ಸ್ಪ್ರಿಂಗ್ ಸುತ್ತಿಗೆ ಒತ್ತಿ ನೋಡುವ ಪರೀಕ್ಷೆ) ಮಾಡಿ ವರದಿ ಕೊಡುವವರನ್ನು ನಂಬಬೇಡಿ. ಅದು ಮೇಲ್ಮೈ ಎಷ್ಟು ಗಟ್ಟಿ ಅಂತ ಮಾತ್ರ ಹೇಳುತ್ತದೆ. ಹಳೆಯ ಕಾಂಕ್ರೀಟಿನ ಮೇಲ್ಪದರ ಗಾಳಿಗೆ ಗಟ್ಟಿಯಾಗಿ, ಇರುವುದಕ್ಕಿಂತ ಒಳ್ಳೆಯ ಅಂಕಿ ತೋರಿಸುತ್ತದೆ. ಕೋರ್ ಬೇಕು, ಕ್ಲೋರೈಡ್ ಪರೀಕ್ಷೆ ಬೇಕು, ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ಥಲೀನ್ ಎಂಬ ಬಣ್ಣ ಬದಲಿಸುವ ರಾಸಾಯನಿಕ ಹಾಕಿ ನೋಡಬೇಕು. ಗುಲಾಬಿ ಬಣ್ಣ ಬಂದ ಕಡೆ ಕಂಬಿಗೆ ಇನ್ನೂ ರಕ್ಷಣೆ ಇದೆ. ಬಣ್ಣ ಬಾರದ ಪದರ ಕಂಬಿಯವರೆಗೂ ಇಳಿದಿದ್ದರೆ ರಕ್ಷಣೆ ಹೋಗಿದೆ. ಮಣ್ಣಿನ ಪರೀಕ್ಷೆ ಬಿಡಬೇಡಿ. ಖರ್ಚು ಜಾಸ್ತಿ ಅಂತ ನಿಮ್ಮವರಲ್ಲಿ ಕೆಲವರು ಹಿಂಜರಿಯುತ್ತಾರೆ. ಎಲ್ಲ ಮನೆಯವರೂ ಹಂಚಿಕೊಂಡು ನೀವೇ ಕೊಡಿ. ಬಿಲ್ಡರ್ ಉಚಿತವಾಗಿ ಕಳಿಸುವ ಇಂಜಿನಿಯರ್ ಬೇಡವೇ ಬೇಡ.

ನಿಂತಿರುವ ಭಾಗದೊಳಗೆ ಯಾರೂ ಹೋಗದಂತೆ ನೋಡಿಕೊಳ್ಳಿ. ಒಡವೆ, ಸರ್ಟಿಫಿಕೇಟ್ ಅಂತ ಜನ ಓಡುತ್ತಾರೆ. ಮನೆ ಕಾಗದಕ್ಕಾಗಿಯಂತೂ ಹೋಗಬೇಡಿ. ಮಂಜೂರಾದ ನಕ್ಷೆಯನ್ನು ಪಾಲಿಕೆಗೆ ಆರ್‌ಟಿಐ ಅರ್ಜಿ ಹಾಕಿ ಕೇಳಬಹುದು. ಸಾಲ ಇದ್ದರೆ ಬ್ಯಾಂಕಿನ ಫೈಲಿನಲ್ಲೂ ಒಂದು ಪ್ರತಿ ಇರುತ್ತದೆ, ನಮಗೆ ಸಿಕ್ಕಿದ್ದು ಅಲ್ಲಿಂದಲೇ.