ಕಾಸರಗೋಡಿನ ಕನ್ನಡ ಶಾಲೆಗೆ ಸಿಸ್ಟರ್ ಬಂದರೆ

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಸಿಬ್ಬಂದಿಗೆ ಪ್ರಥಮ ಚಿಕಿತ್ಸೆ ಕಲಿಸುವವರು ಯಾರು ಎಂದು ಕೇಳಿದ್ದೀರಿ. ಹೆಚ್ಚಾಗಿ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದ ನರ್ಸುಗಳೇ. ನಾವು ಕರೆಯುವುದು ಸಿಸ್ಟರ್ ಎಂದು. ಚುಚ್ಚುಮದ್ದು, ಕಬ್ಬಿಣಾಂಶದ ಮಾತ್ರೆ ಎಂದು ಹೇಗೂ ಶಾಲೆಗೆ ಬಂದು ಹೋಗುವವರು, ಮಕ್ಕಳ ಮನೆಮಂದಿಯ ಪರಿಚಯವೂ ಇರುತ್ತದೆ.

ಇಲ್ಲಿ ಮೊದಲು ಬರುವುದು ಹಾವಿನ ಮಾತು. ಶಾಲೆಯ ಸುತ್ತ ಅಡಿಕೆ ತೋಟ, ಮುರಕಲ್ಲಿನ ಗೋಡೆ. ಮಳೆಗಾಲದಲ್ಲಿ ತೋಡು ದಾಟಿ ಬರುವ ಮಕ್ಕಳು. 2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ತರಗತಿಯೊಳಗೇ ಹಾವು ಕಚ್ಚಿ ತೀರಿಕೊಂಡಳು. ಆಸ್ಪತ್ರೆಗೆ ಒಯ್ಯಲು ತಡಮಾಡಿದರೆಂದು ಅವಳ ಸಹಪಾಠಿಗಳೇ ಹೇಳಿದರು. ಆ ಸುದ್ದಿ ಕೇಳಿದ ಯಾವ ಟೀಚರಿಗೂ ಈ ಪಾಠ ಹಗುರವಲ್ಲ.

ತರಬೇತಿಯಲ್ಲಿ ಸಿಸ್ಟರ್ ಟೀಚರೊಬ್ಬರ ಕಾಲನ್ನು ಬೆಂಚಿನ ಮೇಲೆ ಚಾಚಿಸಿ, ಮರದ ಸ್ಕೇಲು ಇಟ್ಟು, ಶಾಲಿನಿಂದ ಸಡಿಲವಾಗಿ ಕಟ್ಟಿ ತೋರಿಸುತ್ತಾರೆ. ಕಾಲು ಅಲುಗಬಾರದು, ರಕ್ತ ಓಡಾಟವೂ ನಿಲ್ಲಬಾರದು. ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಮಗುವನ್ನು ನಡೆಸಬೇಡಿ, ಹಾವು ಹುಡುಕುತ್ತ ಹೊತ್ತು ಕಳೆಯಬೇಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕರ ವಿಷಕ್ಕೂ ಕೊಡುವುದು ಒಂದೇ ಔಷಧ, ಆಂಟಿವೆನಮ್. ಅದು ಎಲ್ಲ ಆರೋಗ್ಯ ಕೇಂದ್ರಗಳಲ್ಲಿ ಇರುವುದಿಲ್ಲ. ಎಲ್ಲಿದೆ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ನಮಗೆ ಏನೇ ಆದರೂ ಮಂಗಳೂರಿಗೆ ಓಡುವ ರೂಢಿ. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿಯ ಮೇಲಿನ ಭರವಸೆ ಎಷ್ಟು ಅಪಾಯದ್ದೆಂದು ಗೊತ್ತಾಯಿತು.

ಫಿಟ್ಸ್ ಬಂದ ಮಗುವಿನ ಕೈಗೆ ಬೀಗದ ಕೀ ಹಿಡಿಸುವುದು ಇನ್ನೂ ಇದೆ. ಬೇಡ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕದೆ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108.

ನನ್ನ ಬೇಡಿಕೆ ಒಂದೇ. ತರಬೇತಿಗೆ ಟೀಚರುಗಳನ್ನಷ್ಟೇ ಕೂರಿಸಿದರೆ ಸಾಲದು. ಮಧ್ಯಾಹ್ನ ಮಗುವಿನ ಗಂಟಲಲ್ಲಿ ಅನ್ನ ಸಿಕ್ಕಿಕೊಂಡರೆ ಹತ್ತಿರ ಇರುವವರು ಅಡುಗೆಯವರು. ಸಂಜೆ ವ್ಯಾನಿನಲ್ಲಿ ಇರುವವರು ಡ್ರೈವರ್ ಮತ್ತು ಆಯಾ. ಅವರಲ್ಲಿ ಹಲವರ ಮನೆಮಾತು ತುಳು, ಕೈಗೆ ಬರುವ ಕರಪತ್ರ ಮಲಯಾಳದ್ದು. ಕನ್ನಡದಲ್ಲೂ ಅಚ್ಚುಹಾಕಿಸಿ, ಅವರನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಅವರ ಕೈಯಿಂದಲೇ ಮಾಡಿಸಬೇಕು.