ಬೇಡ ಎಂದಿರಿ ಸರಿ, ಬೇಕು ಏನು?

ಪ್ರಶ್ನೆ: ನನಗೀಗ ಎಪ್ಪತ್ತೊಂದು. ಸತ್ತ ಮೇಲೆ ಮಂತ್ರ, ಪಿಂಡ, ತಿಥಿ ಯಾವುದೂ ಬೇಡ. ಮಗಳು ಒಪ್ಪಿದ್ದಾಳೆ, ತಮ್ಮಂದಿರು ಮಾತ್ರ ‘ನಾಲ್ಕು ಜನ ಏನಂದಾರು’ ಎನ್ನುತ್ತಾರೆ. ಉಯಿಲಿನಲ್ಲಿ ಬರೆದಿಟ್ಟರೆ ಸಾಕೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಾಲದು ಸ್ವಾಮಿ. ನಮ್ಮ ಮನೆಗಳಲ್ಲಿ ಉಯಿಲು ಹೊರಗೆ ಬರುವುದೇ ಎಲ್ಲ ಮುಗಿದ ಮೇಲೆ. ಹೆಣ ಮನೆಯಲ್ಲಿರುವ ಆ ನಾಲ್ಕಾರು ಗಂಟೆ ಯಾರ ಮಾತು ನಡೆಯುತ್ತದೋ ಅವರದೇ ತೀರ್ಮಾನ. ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿ. ತಮ್ಮಂದಿರನ್ನು ಕೂರಿಸಿಕೊಂಡು ನೀವೇ ಓದಿ ಹೇಳಿ. ಜಗಳವಾದರೆ ನೀವಿರುವಾಗಲೇ ಆಗಲಿ, ಅದನ್ನು ಮಗಳ ತಲೆಗೆ ಕಟ್ಟಬೇಡಿ.

2019ರ ಜೂನ್ 10ರಂದು ಗಿರೀಶ ಕಾರ್ನಾಡರು ತೀರಿಕೊಂಡಾಗ ವಿಧಿ ಇಲ್ಲ, ಮೆರವಣಿಗೆ ಇಲ್ಲ, ಸರ್ಕಾರಿ ಗೌರವವೂ ಇಲ್ಲ; ಅವರ ಇಚ್ಛೆಯಂತೆ ಅದೇ ದಿನ ಬೆಂಗಳೂರಿನ ಕಲ್ಪಳ್ಳಿ ವಿದ್ಯುತ್ ಚಿತಾಗಾರದಲ್ಲಿ ಎಲ್ಲವೂ ಮುಗಿಯಿತು. ಮನೆಯವರು ಒಂದೇ ಮಾತಿನಲ್ಲಿ ನಿಲ್ಲದಿದ್ದರೆ ಅದು ಆಗುವ ಕೆಲಸವಲ್ಲ.

ನಿಮ್ಮ ಪತ್ರದ ತುಂಬ ಬೇಡಗಳೇ ಇವೆ. ನನ್ನ ತಕರಾರು ಅಷ್ಟೇ. ಅಳುವ ಮನೆಯವರ ಕೈಗೆ ಏನಾದರೊಂದು ಕೆಲಸ ಬೇಕು. ಖಾಲಿ ಬಿಟ್ಟರೆ ಯಾರೋ ಹಿರಿಯರು ದರ್ಭೆ ಹಿಡಿದು ಬಂದೇ ಬರುತ್ತಾರೆ, ಅವರನ್ನು ದೂರುವಂತೆಯೂ ಇಲ್ಲ. ನಿಮ್ಮ ತಾಲ್ಲೂಕಿನವರೇ ಆದ ಕುವೆಂಪು ಮದುವೆಗೆ ಮಂತ್ರಮಾಂಗಲ್ಯ ಎಂಬ, ಪುರೋಹಿತರಿಲ್ಲದ ಸರಳ ಕ್ರಮ ಕೊಟ್ಟುಹೋದರು. ಸಾವಿಗೆ ಅಂಥದ್ದೊಂದು ನಮ್ಮಲ್ಲಿ ರೂಢಿಗೆ ಬಂದಿಲ್ಲ. ನಿಮ್ಮದನ್ನು ನೀವೇ ಬರೆಯಬೇಕು. ಯಾವ ವಚನ ಓದಬೇಕು, ಯಾರು ಹಾಡಬೇಕು, ಯಾರು ಮಾತಾಡಬೇಕು (ಮೈಕ್ ಬಿಡದ ಗೆಳೆಯರಿದ್ದರೆ ಅವರಿಗೆ ಐದೇ ನಿಮಿಷ), ಬೂದಿ ಯಾವ ಮರದ ಬುಡಕ್ಕೆ. ಹದಿಮೂರನೇ ದಿನದ ಊಟವನ್ನು ಮಾತ್ರ ನಿಲ್ಲಿಸಬೇಡಿ. ಶ್ರಾದ್ಧದ ಬದಲು ನುಡಿನಮನ ಇಟ್ಟುಕೊಳ್ಳಲಿ. ದೂರದಿಂದ ಬಂದ ನೆಂಟರು ಉಂಡು ಹೋಗಲಿ. ತಮ್ಮಂದಿರ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ದೇಹದಾನದ ಯೋಚನೆಯಿದ್ದರೆ ವೈದ್ಯಕೀಯ ಕಾಲೇಜಿನಲ್ಲಿ ಈಗಲೇ ಹೆಸರು ಬರೆಸಿ. ಆದರೂ ಆ ಹೊತ್ತಿಗೆ ಫೋನ್ ಮಾಡಿ ಒಪ್ಪಿಸಬೇಕಾದವರು ಮನೆಯವರೇ. ಮರಣೋತ್ತರ ಪರೀಕ್ಷೆಯಾದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಸುಡುವುದೋ ಹೂಳುವುದೋ ಎಂಬುದೂ ಹಾಳೆಯಲ್ಲಿರಲಿ. ಕಣ್ಣು ಕೊಡುವುದಾದರೆ ಜೀವ ಹೋದ ಆರು ಗಂಟೆಯೊಳಗೆ. ಮರಣ ನೋಂದಣಿಗೆ 21 ದಿನ ಗಡುವು; ಅಲ್ಲಿ ಯಾರೂ ತಿಥಿಯ ಲೆಕ್ಕ ಕೇಳುವುದಿಲ್ಲ.

ಇನ್ನೊಂದು. ಕೆಲವು ಸ್ಮಶಾನಗಳಲ್ಲಿ ಪುರೋಹಿತರು ಬಾಗಿಲಲ್ಲೇ ಕಾದಿರುತ್ತಾರೆ. ಅವರಿಗೆ ಮರ್ಯಾದೆಯಿಂದ ‘ಬೇಡ’ ಎನ್ನಬೇಕಾದವರ ಹೆಸರನ್ನೂ ಬರೆದಿಡಿ. ಆ ಕೆಲಸವನ್ನು ತಮ್ಮಂದಿರಲ್ಲೇ ಒಬ್ಬರಿಗೆ ಒಪ್ಪಿಸಿ ನೋಡಿ.

– ಸಂಪಾದಕ