ಬಾನೆಟ್ ಪೇಂಟ್ ಸುಲಿದ ಕಾರಿಗೆ ಒಂದು ವರ್ಷದ ಮಟ್ಟಿಗೆ ವಿನೈಲ್ ರ್‍ಯಾಪ್ ಹಾಕಿಸಬಹುದಾ? ಮೊದಲು ಏನು ತಯಾರಿ ಬೇಕು?

ಹಾಕಿಸಬಹುದು. ಆದರೆ ರ್‍ಯಾಪ್ ಹಾಕಿದರೆ ಎಲ್ಲಾ ಮುಚ್ಚಿಹೋಗುತ್ತೆ ಅಂದುಕೊಳ್ಳಬೇಡಿ. ಅದು ಪೇಂಟಿನ ಮೇಲೆ ಅಂಟಿಸುವ ಪ್ಲಾಸ್ಟಿಕ್ ಹಾಳೆ, ಸುಮಾರು 0.1 ಮಿ.ಮೀ. ದಪ್ಪ ಅಷ್ಟೇ. ಕೆಳಗಿನ ಉಬ್ಬು ತಗ್ಗು ಮೇಲೆ ಎದ್ದು ಕಾಣುತ್ತದೆ, ಗ್ಲಾಸಿ ಆದರೆ ಇನ್ನೂ ಜಾಸ್ತಿ.

ನಮ್ಮ ದಾವಣಗೆರೆ ಬಿಸಿಲಲ್ಲಿ ನಿಂತ ಹಳೆ ಕಾರುಗಳಲ್ಲಿ ಮೊದಲು ಹಾಳಾಗುವುದೇ ಬಾನೆಟ್ಟು, ರೂಫಿನ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ. ಸುಲಿದ ಅಂಚಿನ ಮೇಲೆ ಗಟ್ಟಿ ಟೇಪ್ ಒತ್ತಿ, ಚಟ್ಟನೆ ಎಳೆಯಿರಿ. ಟೇಪಿನ ಜೊತೆ ಪದರ ಎದ್ದು ಬಂತಾ? ಹಾಗಿದ್ರೆ ಮುಂದೆ ರ್‍ಯಾಪ್ ತೆಗೆಯುವಾಗಲೂ ಬರುತ್ತದೆ. ಗಟ್ಟಿ ಪದರ ಸಿಗುವವರೆಗೆ 400 ನಂಬರ್ ವಾಟರ್ ಪೇಪರಿನಲ್ಲಿ ಉಜ್ಜಿ, ಆಮೇಲೆ 800. ಕಣ್ಣು ಮುಚ್ಚಿ ಉಗುರು ಆಡಿಸಿ. ಎಲ್ಲೂ ತಡೆಯಬಾರದು.

ತುಕ್ಕು ಇದ್ದರೆ ಲೋಹ ಕಾಣುವ ತನಕ ಕೆರೆದು ಎಪಾಕ್ಸಿ ಪ್ರೈಮರ್ ಹೊಡೆಸಿ. ಬರೀ ಪುಟ್ಟಿ, ಪ್ರೈಮರ್ ಮೇಲೆ ವಿನೈಲಿನ ಅಂಟು ಸರಿಯಾಗಿ ಹಿಡಿಯಲ್ಲ. ಮೇಲೆ ಪೇಂಟ್ ಅಥವಾ 2ಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಹೊಡೆಯುವ ಕ್ಲಿಯರ್ ಕೋಟ್) ಬೇಕೇ ಬೇಕು. ಬಣ್ಣ ಹೊಂದದಿದ್ದರೂ ನಡೆಯುತ್ತೆ, ಹೇಗೂ ಕಾಣಲ್ವಲ್ಲ. ಪೇಂಟ್ ಬೂತಿನ ಬಿಸಿಯಲ್ಲಿ ಒಣಗಿಸದ ಪೇಂಟಾದರೆ ಕನಿಷ್ಠ 3 ವಾರ ಒಣಗಲು ಬಿಡಿ. ಅವಸರ ಮಾಡಿದರೆ ಒಳಗಿನ ಥಿನ್ನರ್ ಆವಿ ಗುಳ್ಳೆ ಎಬ್ಬಿಸುತ್ತದೆ.

ಕೊನೆಗೆ ಶಾಂಪೂ ವಾಶ್, ನಂತರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸುವುದು. ವ್ಯಾಕ್ಸ್, ಪಾಲಿಶ್ ಒಂಚೂರೂ ಉಳಿಯಬಾರದು. ರಸ್ತೆ ಬದಿಯ ದೂಳಲ್ಲಿ ಹಾಕಿಸಬೇಡಿ. ಬೇಸಿಗೆಯಲ್ಲಾದರೆ ಬೆಳಗ್ಗೆ ಬೇಗ ಹಾಕಿಸಿ. ಮತ್ತೆ, ಆದಷ್ಟು ಈಗಿರುವ ಬಣ್ಣವನ್ನೇ ಆರಿಸಿ. ಬೇರೆ ಬಣ್ಣ ಅಂದ್ರೆ ಆರ್‌ಸಿ ತಿದ್ದಿಸಲು ಆರ್‌ಟಿಒ ಓಡಾಟ, ಬರೀ ಒಂದು ವರ್ಷಕ್ಕೆ ಅದು ಯಾಕೆ ಅಲ್ವಾ?